ಓವರ್‌ಸ್ಪೀಡ್ ಚಲನ್ ಬಂತಾ? ದಂಡ ಕಟ್ಟೋದಾ, ಕೋರ್ಟಿಗೆ ಹೋಗೋದಾ?

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ ಮಂಡ್ಯದಿಂದ ಅಕ್ಕನ ಫೋನ್ ಬಂತು. ಭಾವನ ಮೊಬೈಲಿಗೆ ಮೆಸೇಜ್ ಬಂದಿದೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 127ರಲ್ಲಿ ಕಾರು ಓಡಿಸಿದ್ದಾರಂತೆ, ಸಾವಿರ ರೂಪಾಯಿ ದಂಡ. "ಭಾನುವಾರ ಮಧ್ಯಾಹ್ನವೆಲ್ಲ ನಾವು ನಾಗಮಂಗಲದಲ್ಲಿ ನಾಮಕರಣದಲ್ಲಿದ್ವಿ ಕಣೇ, ಕಾರು ಛತ್ರದ ಮುಂದೇನೇ ನಿಂತಿತ್ತು" ಅಂತ ಅಕ್ಕ. ಅವಳಿಗೆ ಆಗಿಂದಾಗಲೇ ಕೋರ್ಟಿಗೆ ಹೋಗಬೇಕು. ಭಾವನಿಗೆ "ಸಾವಿರ ತಾನೇ, ಕಟ್ಟಿ ಬಿಸಾಕೋಣ, ಯಾರು ಅಲೀತಾರೆ". ಇಬ್ಬರೂ ಚಲನ್‌ನಲ್ಲಿರುವ ಫೋಟೊ ನೋಡಿರಲಿಲ್ಲ.

ಹೆಚ್ಚಿನವರು ಮಾಡುವುದೂ ಇದನ್ನೇ. ಸಿಟ್ಟಿನಲ್ಲಿ ಕೋರ್ಟು ಅನ್ನುತ್ತಾರೆ, ಇಲ್ಲ ಬೇಜಾರಿನಲ್ಲಿ ಕಟ್ಟಿಬಿಡುತ್ತಾರೆ. ನಾನು ಲಾಯರ್ ಅಲ್ಲ. ಆದರೆ ಮನೆಯಲ್ಲಿ ಒಂದು, ನೆರೆಯಲ್ಲಿ ಒಂದು, ನನ್ನದೇ ಒಂದು, ಹೀಗೆ ಮೂರು ಚಲನ್‌ಗಳ ಹಿಂದೆ ಓಡಾಡಿ, ಕಾನೂನನ್ನೂ ಕೂತು ಓದಿದ್ದೇನೆ. ಆ ತಿಳಿವಳಿಕೆಯಿಂದ ಬರೆಯುತ್ತಿದ್ದೇನೆ.

ಮೊದಲು ಚಲನ್ ನಿಜವಾ ನೋಡಿ

ವಾಟ್ಸಾಪಿನಲ್ಲಿ ಚಲನ್ ಅಂತ ಎಪಿಕೆ ಫೈಲ್ ಬಂದರೆ ಮುಟ್ಟಲೇಬೇಡಿ. ಅದನ್ನು ಇನ್‌ಸ್ಟಾಲ್ ಮಾಡಿಕೊಂಡು ಬ್ಯಾಂಕ್ ಖಾತೆ ಖಾಲಿ ಮಾಡಿಕೊಂಡವರಿದ್ದಾರೆ. ಮೆಸೇಜಿನಲ್ಲಿರುವ ಲಿಂಕನ್ನೂ ಒತ್ತಬೇಡಿ. ನೀವೇ ಪರಿವಾಹನ್ ಇ-ಚಲನ್ ಜಾಲತಾಣ ತೆರೆದು ಗಾಡಿ ನಂಬರ್ ಹಾಕಿ ನೋಡಿ. ಬೆಂಗಳೂರಿನ ಗಾಡಿಯಾದರೆ ಬೆಂಗಳೂರು ಸಂಚಾರ ಪೊಲೀಸರ ಜಾಲತಾಣ, ಇಲ್ಲವೇ ಅವರ ಅಸ್ತ್ರಂ ಆ್ಯಪ್ ಇದೆ. ಕರ್ನಾಟಕ ಒನ್‌ನಲ್ಲೂ ಸಿಗುತ್ತದೆ. ಅಲ್ಲಿ ನಿಮ್ಮ ಗಾಡಿ ಮೇಲೆ ಏನೂ ಇಲ್ಲ ಅಂದರೆ ಬಂದ ಮೆಸೇಜ್ ಮೋಸದ್ದು ಅಂತಲೇ ಇಟ್ಟುಕೊಳ್ಳಿ, ಅನುಮಾನ ಉಳಿದರೆ ಹತ್ತಿರದ ಸಂಚಾರ ಠಾಣೆಯಲ್ಲಿ ಗಾಡಿ ನಂಬರ್ ಕೊಟ್ಟು ಕೇಳಿ.

ಇನ್ನೊಂದು ಮಾತು. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಚಲನ್ ಬಂದಿದ್ದೇ ನಿಮಗೆ ಗೊತ್ತಾಗಲ್ಲ, ಕೋರ್ಟಿಂದ ಸಮನ್ಸ್ ಬಂದಾಗಲೇ ಗೊತ್ತಾಗೋದು. ಅದನ್ನು ಇವತ್ತೇ ಬದಲಾಯಿಸಿಕೊಳ್ಳಿ.

ಫೋಟೊ ದೊಡ್ಡದು ಮಾಡಿ ನೋಡಿ

ನಿಮ್ಮ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ, ಹಾಗಾಗಿ ಇದಕ್ಕೆ ಸಮಯ ಕೊಡಿ. ಮೊಬೈಲಿನಲ್ಲಿ ಬೇಡ, ಲ್ಯಾಪ್‌ಟಾಪಿನಲ್ಲೋ ಸೈಬರ್ ಸೆಂಟರಿನಲ್ಲೋ ತೆರೆಯಿರಿ.

ಭಾವನ ಚಲನ್ ತೆರೆದಾಗ ಮೊದಲು ನಮಗೂ ಅವರದೇ ಕಾರು ಅನ್ನಿಸಿತು. ಅದೇ ಬಿಳಿ ಸ್ವಿಫ್ಟ್, ಅದೇ ಕೆಎ 11. ದೊಡ್ಡದು ಮಾಡಿದಾಗ ಅಕ್ಕನೇ ಹಿಡಿದಳು: "ನಮ್ ಕಾರಿಗೆ ಕ್ಯಾರಿಯರ್ ಎಲ್ಲಿದೆ?" ಆ ಕಾರಿನ ತಲೆ ಮೇಲೆ ಸಾಮಾನು ಕಟ್ಟುವ ಕ್ಯಾರಿಯರ್ ಇತ್ತು. ಆಮೇಲೆ ನಂಬರ್ ಪ್ಲೇಟ್ ನೋಡಿದೆವು. ಕೊನೆಯ ಅಂಕಿಯ ಎಡಗಡೆ ಕೆಸರು ಸಿಡಿದಿತ್ತು, 3 ಅನ್ನುವುದು 8ರ ಹಾಗೆ ಕಾಣುತ್ತಿತ್ತು. ಕ್ಯಾಮೆರಾ ಅದನ್ನು 8 ಅಂತ ಓದಿದೆ, ಭಾವನ ಹೆಸರಿಗೆ ಚಲನ್ ಬಂದಿದೆ. ಅಷ್ಟೇ ಕಥೆ.

ಫೋಟೊದಲ್ಲಿ ಏನೇನು ನೋಡಬೇಕು ಅಂದರೆ, ನಂಬರ್ ಪ್ಲೇಟಿನ ಪ್ರತಿ ಅಕ್ಷರ ಸ್ಪಷ್ಟ ಇದೆಯಾ, ಗಾಡಿಯ ಬಣ್ಣ ಮಾಡೆಲ್ ನಿಮ್ಮದೇನಾ, ನಿಮ್ಮ ಗಾಡಿಯ ಗುರುತುಗಳು (ಬಂಪರಿನ ಗೀಚು, ಸ್ಟಿಕ್ಕರ್, ಅಲಾಯ್ ವೀಲು) ಇವೆಯಾ, ಅಕ್ಕಪಕ್ಕ ಇನ್ನೊಂದು ಗಾಡಿ ಇದೆಯಾ, ದಿನಾಂಕ ಸಮಯ ಜಾಗ ಬರೆದಿದೆಯಾ, ಅಳೆದ ವೇಗ ಮತ್ತು ಅಲ್ಲಿನ ಮಿತಿ ಎರಡೂ ಬರೆದಿದೆಯಾ. ಪಕ್ಕದ ಗಾಡಿ ಯಾಕೆ ಮುಖ್ಯ ಅಂದರೆ, ಫೋಟೊದಲ್ಲಿ ಎರಡು ಗಾಡಿ ಒಟ್ಟಿಗೇ ಓಡುತ್ತಿದ್ದರೆ ಅಳೆದ ವೇಗ ಯಾರದು ಅನ್ನುವ ಪ್ರಶ್ನೆ ಬರುತ್ತದೆ. ಇದು ಸುಮ್ನೆ ತಕರಾರಲ್ಲ, ಕೇಳಲೇಬೇಕಾದ ಪ್ರಶ್ನೆ.

ಕಾನೂನು ಏನು ಹೇಳುತ್ತದೆ

ಓವರ್‌ಸ್ಪೀಡ್‌ಗೆ ಹಾಕುವುದು ಮೋಟಾರು ವಾಹನ ಕಾಯ್ದೆಯ 183ನೇ ಕಲಂ. ಕಾರಿನಂಥ ಲಘು ವಾಹನಕ್ಕೆ ಕಾಯ್ದೆ ಹೇಳುವ ದಂಡ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000. ಕರ್ನಾಟಕದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ದಂಡ ಇಳಿಸಿದ ಮೇಲೆ ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವವರಿಗೆ ಕಾರು, ಬೈಕಿಗೆ 1,000, ದೊಡ್ಡ ಗಾಡಿಗೆ 2,000. ಅಂದರೆ ಕಾರಿನವರು ಕೋರ್ಟಿಗೆ ಹೋಗಿ ಸೋತರೂ 183ರ ದಂಡ 2,000 ದಾಟಲ್ಲ. ಕೋರ್ಟಿನಲ್ಲಿ ನಿಜವಾಗಿ ಹೋಗುವುದು ದಂಡದ ದುಡ್ಡಲ್ಲ, ನಿಮ್ಮ ದಿನಗಳು.

ಅದೇ 183ರಲ್ಲಿ ಇನ್ನೊಂದು ಉಪಕಲಂ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಒಬ್ಬ ಸಾಕ್ಷಿ "ನನ್ನ ಅಂದಾಜಿನಲ್ಲಿ ಇವನು ಜಾಸ್ತಿ ವೇಗದಲ್ಲಿದ್ದ" ಅಂದ ಮಾತ್ರಕ್ಕೆ ಶಿಕ್ಷೆ ಕೊಡುವ ಹಾಗಿಲ್ಲ. ಆ ಅಂದಾಜು ಯಂತ್ರದಿಂದಲೋ ಎಲೆಕ್ಟ್ರಾನಿಕ್ ಸಾಧನದಿಂದಲೋ ಬಂದಿರಬೇಕು. ದಾರಿಯಲ್ಲಿ ನಿಲ್ಲಿಸಿ, ಅಳತೆ ಏನೂ ತೋರಿಸದೆ, "ಜೋರಾಗಿ ಬಂದ್ರಿ" ಅಂತ 183 ಹಾಕಿದರೆ, "ಸಾರ್, ಮೆಷಿನ್ ರೀಡಿಂಗ್ ತೋರಿಸಿ" ಅಂತ ಮರ್ಯಾದೆಯಿಂದಲೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಕ್ಯಾಮೆರಾ ಚಲನ್‌ಗಳಿಗೆ ಅಂತಲೇ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅನ್ನುವ ನಿಯಮ ಸೇರಿತು. ಅದರ ಪ್ರಕಾರ ಸಾಧನಕ್ಕೆ ಅನುಮೋದನೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗದಲ್ಲಿ ಜನಕ್ಕೆ ಮೊದಲೇ ಕಾಣುವ ಹಾಗೆ ಎಚ್ಚರಿಕೆಯ ಫಲಕ ಇರಬೇಕು. ಚಲನ್ ಜೊತೆ ತಪ್ಪು ಮತ್ತು ನಂಬರ್ ಪ್ಲೇಟ್ ಕಾಣುವ ಸ್ಪಷ್ಟ ಫೋಟೊ, ಸಾಧನದ ಅಳತೆ, ದಿನಾಂಕ, ಸಮಯ, ಜಾಗ, ಯಾವ ಕಲಂ ಅನ್ನುವುದು, ಮತ್ತು ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಈ ಪ್ರಮಾಣಪತ್ರವನ್ನೇ ವಕೀಲರು ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ ಹಿಡಿದು 65ಬಿ ಅಂತ ಕರೆಯುತ್ತಿದ್ದರು, 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆಗಿದೆ. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತಲೂ ಇದೆ. ಆದರೆ ನೋಟಿಸ್ ತಡವಾಯಿತು ಅನ್ನುವ ಒಂದೇ ಕಾರಣ ನಂಬಿಕೊಂಡು ಕೋರ್ಟಿಗೆ ಹೋಗಬೇಡಿ, ಅದು ಬೇರೆ ಗಟ್ಟಿ ಕಾರಣಗಳ ಜೊತೆ ಹೇಳುವ ಮಾತು.

ಯಾರು ಕಟ್ಟಬೇಕು, ಯಾರು ಬಿಡಬಾರದು

ನನ್ನದೇ ಹೇಳುತ್ತೇನೆ. ಮೈಸೂರಿನಿಂದ ಬರುವಾಗ ಮದ್ದೂರು ದಾಟಿದ ಮೇಲೆ 118ರಲ್ಲಿ ಸಿಕ್ಕಿಬಿದ್ದೆ. ಅಲ್ಲಿ ಕಾರಿಗೆ ಮಿತಿ 100. ಫೋಟೊ ಕನ್ನಡಿಯ ಹಾಗಿತ್ತು, ಸಮಯವೂ ಸರಿಯಾಗಿತ್ತು, ಮದ್ದೂರಿನಲ್ಲಿ ವಡೆ ತಿಂದು ಹೊರಟ ಹೊತ್ತು ನನಗೇ ನೆನಪಿತ್ತು. ಅವತ್ತು ಸಂಜೆಯೇ ಕಟ್ಟಿದೆ. 100ರಲ್ಲಿ ಹೋಗುವಾಗಲೇ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡಿರುತ್ತದೆ. ಒಂದು ಸಲ ಕಣ್ಣು ಮಿಟುಕಿಸಿ ಬ್ರೇಕ್ ಹುಡುಕುವಷ್ಟರಲ್ಲಿ ಒಂದು ಮನೆಯ ಸೈಟಿನ ಉದ್ದ ದಾಟಿ ಹೋಗಿರುತ್ತೀರಿ. ನಾವು ನಿಜವಾಗಿ ಜೋರಾಗಿ ಓಡಿಸಿದ್ದರೆ, ಫೋಟೊ ಸರಿ ಇದ್ದರೆ, ಕಟ್ಟಿಬಿಡೋಣ. ಇದು ನನ್ನ ಗಟ್ಟಿ ಅಭಿಪ್ರಾಯ.

"ಎಲ್ಲರೂ ಅದೇ ಸ್ಪೀಡಲ್ಲಿದ್ರು", "ಇಳಿಜಾರಿತ್ತು", "ರಸ್ತೆ ಖಾಲಿ ಇತ್ತು", "ಎರಡು ಟೋಲ್ ನಡುವಿನ ಸಮಯ ಲೆಕ್ಕ ಹಾಕಿದರೆ ನನ್ನ ಸರಾಸರಿ 90 ಬರುತ್ತೆ" ಇವೆಲ್ಲ ಕೋರ್ಟಿನಲ್ಲಿ ನಿಲ್ಲುವ ಮಾತಲ್ಲ. ಸರಾಸರಿಯ ವಾದ ಕೇಳಲು ಚೆನ್ನಾಗಿದೆ, ಆದರೆ ಮಧ್ಯೆ ವಡೆ ತಿನ್ನಲು ನಿಂತವನ ಸರಾಸರಿ 70 ಬಂದರೂ ಕ್ಯಾಮೆರಾ ಕೆಳಗೆ ಅವನು 120ರಲ್ಲಿ ಇದ್ದಿರಬಹುದಲ್ವಾ? ಆಸ್ಪತ್ರೆಗೆ ಓಡುತ್ತಿದ್ದೆವು ಅನ್ನುವುದು ನಿಜವೇ ಇದ್ದರೆ ದಾಖಲೆ ಸಮೇತ ಹೇಳಿ. ಮ್ಯಾಜಿಸ್ಟ್ರೇಟರು ದಂಡ ಎಷ್ಟು ಅನ್ನುವಾಗ ಅದನ್ನು ನೋಡಬಹುದು, ತಪ್ಪೇ ಆಗಿಲ್ಲ ಅನ್ನಲು ಅದು ಸಾಲದು.

ಬಿಡಬಾರದವರು ಯಾರು? ಫೋಟೊದಲ್ಲಿರುವುದು ನಿಮ್ಮ ಗಾಡಿ ಅಲ್ಲದಿದ್ದರೆ ಸಾವಿರ ಅಲ್ಲ ನೂರು ರೂಪಾಯಿ ಆದರೂ ಕಟ್ಟಬೇಡಿ. ಅಂಕಿ ತಪ್ಪಾಗಿ ಓದಿದ್ದರೆ ಮುಂದಿನ ಸಲವೂ ಆ ಗಾಡಿಯ ತಪ್ಪು ನಿಮ್ಮ ಹೆಸರಿಗೇ ಬೀಳಬಹುದು. ಅದಕ್ಕಿಂತ ಅಪಾಯದ್ದು ನಿಮ್ಮ ನಂಬರನ್ನೇ ಬೇರೆ ಗಾಡಿಗೆ ಹಾಕಿಕೊಂಡು ಓಡಾಡುತ್ತಿರುವುದು. ಇವತ್ತು ಓವರ್‌ಸ್ಪೀಡ್, ನಾಳೆ ಯಾರಿಗಾದರೂ ಗುದ್ದಿ ಓಡಿದರೆ ಪೊಲೀಸರು ಬರುವುದು ನಿಮ್ಮ ಮನೆ ಬಾಗಿಲಿಗೆ. ಹಾಗೆ ಅನುಮಾನ ಬಂದರೆ ಚಲನ್ ತಕರಾರಿನ ಜೊತೆ ಠಾಣೆಯಲ್ಲಿ ಲಿಖಿತ ದೂರನ್ನೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಗಾಡಿ ಮಾರಿದ ಮೇಲೆ ಚಲನ್ ಬರುತ್ತಿದ್ದರೆ ಅದು ಬೇರೆ ತಲೆನೋವು. ಕೊಂಡವನು ಹೆಸರು ಬದಲಾಯಿಸಿಲ್ಲ ಅಂತ ಅರ್ಥ. ಹೆಸರು ವರ್ಗಾವಣೆಯ ನಮೂನೆ 29 ಮತ್ತು 30, ಮಾರಿದ ಪತ್ರ, ಗಾಡಿ ಕೊಟ್ಟ ದಿನದ ರಸೀದಿ ಎಲ್ಲ ಹುಡುಕಿಕೊಳ್ಳಿ. ಅವನ್ನು ಇಟ್ಟುಕೊಂಡವರಿಗೆ ದಾರಿ ಸುಲಭ, ಬಾಯಿಮಾತಲ್ಲಿ ಮಾರಿದವರಿಗೆ ಕಷ್ಟ.

ಗಾಡಿ ನಿಮ್ಮದು, ಓಡಿಸಿದ್ದು ಬೇರೆಯವರು ಅಂದರೆ? ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಹೇಳುವ ಹೊಣೆ ಕಾಯ್ದೆಯ 133ನೇ ಕಲಂ ಪ್ರಕಾರ ಮಾಲೀಕರದು. ನಿಜ ಹೇಳಿ. ಮಗನ ತಪ್ಪನ್ನು ಅಪ್ಪ ಹೊತ್ತುಕೊಳ್ಳುವುದು, ಯಜಮಾನನ ತಪ್ಪನ್ನು ಡ್ರೈವರ್ ತಲೆಗೆ ಕಟ್ಟುವುದು ಎರಡೂ ಬೇಡ.

ಅದರಲ್ಲೂ ಡ್ರೈವರ್ ತಲೆಗೆ ಕಟ್ಟುವುದು ದೊಡ್ಡ ಅನ್ಯಾಯ, ಯಾಕೆ ಅಂದರೆ ಅವರಿಗೆ ಡಿಎಲ್ಲೇ ಅನ್ನ. 183ರಲ್ಲಿ ಎರಡನೇ ಸಲ ತಪ್ಪಾದರೆ ಡಿಎಲ್ ವಶಪಡಿಸಿಕೊಳ್ಳಲು ಅವಕಾಶ ಇದೆ. ನಮ್ಮ ಬೀದಿಯಲ್ಲಿ ಹಳದಿ ಬೋರ್ಡ್ ಕಾರು ಓಡಿಸುವ ಅಣ್ಣ ಒಬ್ಬರಿದ್ದಾರೆ. ಅವರಿಗೆ ಬಂದ ಎರಡನೇ ಚಲನ್‌ನ ಫೋಟೊದಲ್ಲಿ ಅವರ ಕಾರು, ಅದಕ್ಕೆ ತಾಗಿಕೊಂಡ ಹಾಗೆ ಹಿಂದಿಕ್ಕುತ್ತಿರುವ ಇನ್ನೊಂದು ಕಾರು, ಎರಡೂ ಇದ್ದವು. ಅವರು ಕೋರ್ಟಿಗೇ ಹೋದರು. ಮೂರು ವಾಯಿದೆ ಆಯಿತು, ಮೂರು ದಿನದ ಡ್ಯೂಟಿ ಹೋಯಿತು. ಕೊನೆಗೆ ಸಾಧನದ ಕಾಗದಪತ್ರ ಬರಲಿಲ್ಲ, ಕೇಸು ವಜಾ ಆಯಿತು. ದುಡ್ಡಿನ ಲೆಕ್ಕದಲ್ಲಿ ಅವರಿಗೆ ನಷ್ಟವೇ. ಆದರೆ ಡಿಎಲ್ ಕೈಯಲ್ಲಿ ಉಳಿಯಿತು, ಮನೆ ನಡೆಯುತ್ತಿದೆ. ಹಾಗಾಗಿ ಸಾವಿರಕ್ಕೆ ಯಾರು ಕೋರ್ಟಿಗೆ ಹೋಗ್ತಾರೆ ಅಂತ ಯಾರಾದರೂ ಕೇಳಿದರೆ, ಅದು ಯಾರ ಸಾವಿರ ಅನ್ನುವುದರ ಮೇಲೆ ಹೋಗುತ್ತದೆ ಅನ್ನುತ್ತೇನೆ ನಾನು.

ಕೋರ್ಟಿಗೆ ಮುಂಚೆ ಒಂದು ಮೆಟ್ಟಿಲು

ನೇರ ಕೋರ್ಟಿಗೆ ಹೋಗಬೇಕಾಗಿಲ್ಲ. ಚಲನ್ ಹಾಕಿದವರಿಗೇ ಮೊದಲು ಬರೆಯಿರಿ. ಇ-ಚಲನ್ ಜಾಲತಾಣದಲ್ಲಿ ತಕರಾರು ಸಲ್ಲಿಸಲು ಜಾಗ ಇದೆ, ಚಲನ್ ಹಾಕಿದ ಠಾಣೆಗೆ ಹೋಗಿಯೂ ಕೊಡಬಹುದು. ಭಾವನ ಪತ್ರ ನಾವು ಬರೆದದ್ದು ಒಂದೇ ಪುಟ. ಚಲನ್ ನಂಬರ್, ದಿನಾಂಕ, "ಫೋಟೊದಲ್ಲಿರುವ ವಾಹನ ನಮ್ಮದಲ್ಲ, ಕಾರಣಗಳು ಹೀಗಿವೆ" ಅಂತ ಎರಡೇ ಸಾಲು. ಜೊತೆಗೆ ಆರ್‌ಸಿ ನಕಲು, ಕಾರಿನ ನಾಲ್ಕೂ ಕಡೆಯ ಫೋಟೊ, ಚಲನ್ ಫೋಟೊವನ್ನು ದೊಡ್ಡದು ಮಾಡಿ ಆ ಅಂಕಿಗೆ ಕೆಂಪು ಸುತ್ತು ಹಾಕಿದ ಪ್ರಿಂಟು, ಅವತ್ತು ಯಾವ ಟೋಲೂ ದಾಟಿಲ್ಲ ಅಂತ ತೋರಿಸುವ ಫಾಸ್ಟ್ಯಾಗ್ ಸ್ಟೇಟ್‌ಮೆಂಟು, ಛತ್ರದ ಮುಂದೆ ಕಾರು ಹಿಂದೆ ಕಾಣುವ ಹಾಗೆ ಮಕ್ಕಳು ತೆಗೆಸಿಕೊಂಡ ಒಂದು ಫೋಟೊ. ಆ ಮಕ್ಕಳ ಫೋಟೊದಲ್ಲಿ ಸಮಯ ದಾಖಲಾಗಿತ್ತು, ಅದೇ ಹೆಚ್ಚು ಕೆಲಸಕ್ಕೆ ಬಂತು. ಸಿಟ್ಟಿನ ಮಾತು ಒಂದೂ ಬರೆಯಲಿಲ್ಲ. ಮೂರು ವಾರದಲ್ಲಿ ಚಲನ್ ರದ್ದಾಯಿತು.

ನಂಬರ್ ತಪ್ಪು, ಗಾಡಿ ತಪ್ಪು ಅನ್ನುವಂಥದ್ದಕ್ಕೆ ಈ ಮೆಟ್ಟಿಲೇ ಸಾಕಾಗುತ್ತದೆ. ವೇಗದ ಅಳತೆ ತಪ್ಪು, ಫಲಕ ಇರಲಿಲ್ಲ ಅನ್ನುವಂಥ ತಕರಾರು ಇಲ್ಲಿ ಬಗೆಹರಿಯದೆ ಕೋರ್ಟಿನವರೆಗೆ ಹೋಗಬಹುದು. ಫಲಕದ ತಕರಾರಿದ್ದರೆ ಇವತ್ತೇ ಅಲ್ಲಿಗೆ ಹೋಗಿ ದಿನಾಂಕ ಸಮೇತ ವಿಡಿಯೊ ಮಾಡಿಕೊಳ್ಳಿ. ತಿಂಗಳು ಬಿಟ್ಟು ಹೋದರೆ ಹೊಸ ಫಲಕ ಬಂದಿರುತ್ತದೆ.

ಒಂದು ಎಚ್ಚರಿಕೆ: ತಕರಾರು ಹಾಕುವವರು ದಂಡ ಕಟ್ಟಬೇಡಿ. "ಈಗ ಕಟ್ಟಿಬಿಡ್ತೀನಿ, ಆಮೇಲೆ ವಾಪಸ್ ಕೇಳ್ತೀನಿ" ಅನ್ನುವುದು ನಡೆಯಲ್ಲ, ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಗಿದ ಹಾಗೆ. ಹಾಗಂತ ಸುಮ್ನೆ ಕೂರಲೂ ಬೇಡಿ, ನೋಟಿಸಿನಲ್ಲಿ ಬರೆದಿರುವ ಗಡುವಿನೊಳಗೆ ನಿಮ್ಮ ಉತ್ತರ ಹೋಗಿರಬೇಕು. ಸರ್ಕಾರ ಅರ್ಧ ದಂಡದ ರಿಯಾಯಿತಿ ಕೊಡುತ್ತೆ ಅಂತ ಕಾಯುವವರೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಕೊಟ್ಟಿತ್ತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿತ್ತು. ಅದು ಯಾವಾಗ ಬರುತ್ತೋ ಬರಲ್ವೋ, ಅದನ್ನು ನಂಬಿ ಸಮನ್ಸ್ ತರಿಸಿಕೊಳ್ಳಬೇಡಿ.

ಕೋರ್ಟು ಅಂದರೆ ಏನೇನಾಗುತ್ತದೆ

ಚಲನ್ ಕೋರ್ಟಿಗೆ ಹೋದರೆ ಈಗ ಮೊದಲು ವರ್ಚುವಲ್ ಕೋರ್ಟಿನಲ್ಲಿ, ಅಂದರೆ ಆನ್‌ಲೈನ್ ಕೋರ್ಟಿನಲ್ಲಿ ಕಾಣಬಹುದು. ಆ ಜಾಲತಾಣದಲ್ಲಿ ಗಾಡಿ ನಂಬರ್ ಅಥವಾ ಚಲನ್ ನಂಬರ್ ಹಾಕಿದರೆ ಕೇಸು ಬರುತ್ತದೆ. ದಂಡ ಕಟ್ಟುತ್ತೇನೆ ಅನ್ನುವುದಕ್ಕೆ ಒಂದು ಆಯ್ಕೆ, ಕೇಸು ನಡೆಸುತ್ತೇನೆ ಅನ್ನುವುದಕ್ಕೆ ಒಂದು ಆಯ್ಕೆ. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ನೀವು ಹೋಗಲೇಬೇಕು, ಇಲ್ಲ ವಕೀಲರು ಹೋಗಬೇಕು.

ಮೊದಲ ದಿನ ತಪ್ಪು ಒಪ್ಪುತ್ತೀರಾ ಅಂತ ಕೇಳುತ್ತಾರೆ. ಇಲ್ಲ ಅಂದರೆ ಮುಂದಿನ ದಿನಾಂಕ. ಆಮೇಲೆ ಪೊಲೀಸರ ಸಾಕ್ಷಿ ಬರಬೇಕು, ನೀವು ಪ್ರಶ್ನೆ ಕೇಳಬೇಕು, ನಿಮ್ಮ ದಾಖಲೆ ಕೊಡಬೇಕು. ಸಾಕ್ಷಿ ಬರದಿದ್ದರೆ ಮತ್ತೆ ದಿನಾಂಕ. ಬೆಳಿಗ್ಗೆ ಹತ್ತೂವರೆಗೆ ಹೋಗಿ ಕೂತರೆ ನಿಮ್ಮ ಹೆಸರು ಕೂಗುವಾಗ ಮಧ್ಯಾಹ್ನ ಆಗಿರಬಹುದು. ದಿನಗೂಲಿ ಮಾಡುವವರು, ಊರಿಂದ ಬಸ್ಸಿನಲ್ಲಿ ಬರಬೇಕಾದವರು ಮೂರು ನಾಲ್ಕು ದಿನದ ಸಂಪಾದನೆ, ಬಸ್ ಚಾರ್ಜು, ವಕೀಲರ ಫೀಸು ಎಲ್ಲ ಒಂದು ಕಾಗದದಲ್ಲಿ ಬರೆದು ನೋಡಿ. ಅದರ ಪಕ್ಕದಲ್ಲಿ ಇದು ಮೊದಲ ಚಲನ್ನಾ ಎರಡನೆಯದಾ, ಡಿಎಲ್ ಹೋದರೆ ಏನಾಗುತ್ತದೆ, ನನ್ನ ಹತ್ತಿರ ಕೈಯಲ್ಲಿ ಹಿಡಿದು ತೋರಿಸುವ ದಾಖಲೆ ಏನಿದೆ, ಈ ಮೂರನ್ನು ಬರೆಯಿರಿ. ಮೂರನೆಯದಕ್ಕೆ ಉತ್ತರ ಖಾಲಿ ಇದ್ದರೆ ಕೋರ್ಟಿನ ಆಸೆ ಬಿಡಿ.

ವಕೀಲರಿಗೆ ದುಡ್ಡಿಲ್ಲ ಅನ್ನುವವರು ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15112ಕ್ಕೆ ಫೋನ್ ಕೂಡ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ಅಲ್ಲೇ ಲೋಕ ಅದಾಲತ್ ಯಾವಾಗ ಅಂತಲೂ ಕೇಳಿ. ತಪ್ಪು ಒಪ್ಪಿ ರಾಜಿಯಲ್ಲಿ ಮುಗಿಸಬೇಕು ಅನ್ನುವವರಿಗೆ ಅದು ಒಳ್ಳೆ ದಾರಿ, ಒಂದೇ ದಿನದಲ್ಲಿ ಮುಗಿಯುತ್ತದೆ, ಆದರೆ ಅಲ್ಲಿ ಆದದ್ದರ ಮೇಲೆ ಮೇಲ್ಮನವಿ ಇಲ್ಲ. ತಪ್ಪೇ ಮಾಡಿಲ್ಲ ಅನ್ನುವವರು ಅಲ್ಲಿಗೆ ಹೋಗಬೇಡಿ.

ಹಳೆಯ ಚಲನ್ ಆಗಿದ್ದರೆ ವಕೀಲರ ಹತ್ತಿರ ಒಂದು ಪ್ರಶ್ನೆ ಕೇಳಿ. ಬರೀ ದಂಡದ ಶಿಕ್ಷೆ ಇರುವ ಅಪರಾಧವನ್ನು ಕೋರ್ಟು ವಿಚಾರಣೆಗೆ ತೆಗೆದುಕೊಳ್ಳಲು ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲು ಬಂದ ಕಾನೂನು) 514ನೇ ಕಲಂ ಆರು ತಿಂಗಳ ಮಿತಿ ಹಾಕಿದೆ. ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಆದರೂ ನಿಮ್ಮ ಕೇಸಿಗೆ ಈ ಮಿತಿ ಹೇಗೆ ಅನ್ವಯಿಸುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು.

130 ದಾಟಿದ್ದರೆ ಇದ್ಯಾವುದೂ ಅಲ್ಲ

ಇಷ್ಟು ಹೊತ್ತು ಹೇಳಿದ್ದು ಸಾವಿರ ರೂಪಾಯಿ ಚಲನ್ ಬಗ್ಗೆ. 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಗಂಟೆಗೆ 130 ಕಿಲೋಮೀಟರ್ ದಾಟಿ ಓಡಿಸಿದವರ ಮೇಲೆ ಎಫ್‌ಐಆರ್ ಹಾಕುತ್ತೇವೆ ಅಂತ ಪೊಲೀಸರು ಹೇಳಿದ್ದಾರೆ. ಅದು ಬಿಎನ್‌ಎಸ್‌ನ (ಐಪಿಸಿ ಬದಲು ಬಂದ ಕಾನೂನು) 281ನೇ ಕಲಂ, ಅಂದರೆ ದುಡುಕಿನ ಚಾಲನೆ, ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇಂಥದ್ದು ಬಂದರೆ "ಸಾವಿರ ತಾನೇ" ಅಂತ ಹೋಗಿ ತಪ್ಪೊಪ್ಪಿಕೊಂಡು ಬರಬೇಡಿ. ಅದು ಕ್ರಿಮಿನಲ್ ಶಿಕ್ಷೆ, ಪಾಸ್‌ಪೋರ್ಟು, ಸರ್ಕಾರಿ ಕೆಲಸ ಅಂತ ಅರ್ಜಿ ಹಾಕುವಾಗ ಎದುರಿಗೆ ಬಂದು ನಿಲ್ಲಬಹುದು. ಮೊದಲು ವಕೀಲರನ್ನು ನೋಡಿ, ಆಮೇಲೆ ಬಾಯಿ ಬಿಡಿ.

ಕೊನೆಗೆ ಕಟ್ಟಿದರೂ, ಗೆದ್ದರೂ, ರದ್ದಾದರೂ ಒಂದು ಕೆಲಸ ಉಳಿದಿರುತ್ತದೆ. ಒಂದು ವಾರ ಬಿಟ್ಟು ಮತ್ತೆ ಗಾಡಿ ನಂಬರ್ ಹಾಕಿ ನೋಡಿ, ಬಾಕಿ ಅಂತ ಇನ್ನೂ ತೋರಿಸುತ್ತಿದ್ದರೆ ರಸೀದಿ ಅಥವಾ ಆದೇಶದ ನಕಲು ಹಿಡಿದು ಠಾಣೆಗೆ ಹೋಗಿ ಸರಿ ಮಾಡಿಸಿ. ಭಾವ ಆ ರದ್ದಾದ ಪುಟದ ಪ್ರಿಂಟು ತೆಗೆದು ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ ಕವರಿನೊಳಗೆ ಇಟ್ಟುಕೊಂಡಿದ್ದಾರೆ, ಆ ಕ್ಯಾರಿಯರ್ ಇರುವ ಕಾರು ಇನ್ನೂ ಅದೇ ರಸ್ತೆಯಲ್ಲಿ ಓಡಾಡುತ್ತಿರುತ್ತದಲ್ವಾ.